ಖಣದ ತೋರಣ, ಕೌದಿಯ ಗೋಡೆ: ಕೈಗೆಟಕುವ ಖರ್ಚಿನಲ್ಲಿ ಮನೆಯ ಪಾರ್ಟಿ

(ಬಾಗಲಕೋಟೆಯ ನವನಗರದಲ್ಲಿ ಹೊಲಿಗೆ ಕಲಿಯುತ್ತಿರುವ ಹೆಣ್ಣುಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೆಚ್ಚು ದುಡ್ಡು ಸುರಿಯದೆ, ನಮ್ಮ ಕೈಯಿಂದಲೇ ಸಿಂಗರಿಸಿ, ಮನೆಯಲ್ಲಿ ಚೆಂದದ ಪಾರ್ಟಿ ಮಾಡುವುದು ಹೇಗೆ ಎಂದು ಹೇಳಿಕೊಡಿ ಎಂದು ನೀವು ಕರೆದಿದ್ದೀರಿ. ನಾನು ಪಾರ್ಟಿಯ ಸಂಜೆಯಿಂದ ಶುರು ಮಾಡುವುದಿಲ್ಲ. ಮರುದಿನ ಬೆಳಗಿನಿಂದ ಶುರು ಮಾಡುತ್ತೇನೆ.

ನನ್ನ ಮಗನ ಮೊದಲ ಹುಟ್ಟುಹಬ್ಬದ ಮರುದಿನ. ಹಿಂದಿನ ದಿನ ಅಲಂಕಾರ ಮಾಡುವವರೊಬ್ಬರನ್ನು ಕರೆಸಿ, ಥರ್ಮಾಕೋಲಿನ ಕಮಾನು, ಅದರ ಮೇಲೆ ಮಿನುಗುಪುಡಿ ಹಚ್ಚಿದ ಹೆಸರು, ಇನ್ನೂರು ಬಲೂನು, ಎಲ್ಲ ಸೇರಿ 6,500 ರೂಪಾಯಿ ಕೊಟ್ಟಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಹಾಲ್ ತುಂಬ ಬಿಳಿ ಕಾಳು. ಕಮಾನು ಇಳಿಸುವಾಗ ಮುರಿದಿತ್ತು. ಕಸಬರಿಗೆ ಆಡಿಸಿದರೆ ಕಾಳು ಕಸಬರಿಗೆಗೇ ಮೆತ್ತಿಕೊಳ್ಳುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ. ತುಳಸಿ ಕಟ್ಟೆಯ ಮಣ್ಣಿನಲ್ಲಿ ಒಂದು ತಿಂಗಳಾದರೂ ಅವು ಹೊಳೆಯುತ್ತಿದ್ದವು. ಮೂರು ಚೀಲ ಕಸ ಹೊರಗಿಟ್ಟೆ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ಕಮಾನಿಗೆ ಹಣ ಹೊಂದಿಸಲು ಊಟದಲ್ಲಿ ಹೋಳಿಗೆ ಬಿಟ್ಟಿದ್ದೆ. ಎರಡು ಬಸ್ಸು ಬದಲಿಸಿ ಬಂದಿದ್ದ ನನ್ನ ಚಿಗವ್ವ ಕೈ ತೊಳೆಯುವಾಗ ಮೆಲ್ಲಗೆ ಕೇಳಿದಳು: “ಹೋಳಿಗೆ ಮಾಡಲಿಲ್ಲವೇನೇ?” ಆಕೆಗೆ ಆ ಕಮಾನು ನೆನಪಿಲ್ಲ. ಹೋಳಿಗೆ ಇರಲಿಲ್ಲ ಎನ್ನುವುದು ನೆನಪಿದೆ. ನನಗೂ ನೆನಪಿದೆ.

ಅಂದಿನಿಂದ ಮನೆಯ ಯಾವ ಕಾರ್ಯಕ್ಕೇ ಆಗಲಿ, ಒಂದು ವಸ್ತು ಕೊಳ್ಳುವ ಮೊದಲು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ನಾಳೆ ಬೆಳಿಗ್ಗೆ ಇದು ಎಲ್ಲಿರುತ್ತದೆ? ಯಾರದಾದರೂ ಟ್ರಂಕಿನಲ್ಲಿ, ಅಡುಗೆಮನೆಯಲ್ಲಿ, ಹಿತ್ತಲಿನ ಗಿಡದ ಬುಡದಲ್ಲಿ ಎಂದು ಉತ್ತರ ಬಂದರೆ ಕೊಳ್ಳುತ್ತೇನೆ. ಕಸದ ಚೀಲದಲ್ಲಿ ಎಂದು ಬಂದರೆ ಬಿಡುತ್ತೇನೆ. ಖರ್ಚು ತಾನಾಗಿಯೇ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇನ್ನೊಂದು ಮಾತನ್ನೂ ಅನುಭವದಿಂದ ಹೇಳುತ್ತೇನೆ: ಹಾಗೆ ಉಳಿದುಕೊಂಡ ವಸ್ತುಗಳೇ ನೋಡಲು ಚೆಂದವಾಗಿರುತ್ತವೆ. ಬಾಳಿಕೆಗೆಂದು ಮಾಡಿದ ವಸ್ತುವಿನ ಬಣ್ಣ, ಅಂಚು, ತೂಕ ಬೇರೆಯೇ.

ಕಾನೂನೂ ಈಗ ಈ ಕಡೆಗೇ ಇದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್‌ಗಳಿಗೆ ನಿಷೇಧ ಬಂದಿತು. 2022ರ ಜುಲೈ 1ರಿಂದ ದೇಶದ ತುಂಬ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಲ್ಲಿಸಿದರು. ಆ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲಿದೆ, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯಿದೆ, ಮಿಠಾಯಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆಯೂ ಇದೆ. ಅಂಗಡಿಯಲ್ಲಿ ಇನ್ನೂ ಸಿಗುತ್ತದೆ ಎಂಬುದು ನನಗೂ ಗೊತ್ತು. ಸಿಕ್ಕರೂ ನಮಗೆ ಬೇಡ.

ಪಾರ್ಟಿ ಎನ್ನುವ ಶಬ್ದ ಹೊಸದು, ಕೂಟ ನಮಗೆ ಹೊಸದಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಕೂತು ಉಣ್ಣುವ ಸುಖವನ್ನು ನೆನಪಿಸಿಕೊಳ್ಳಿ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಎಳ್ಳಿನ ಹೋಳಿಗೆ, ಪುಂಡಿ ಪಲ್ಯ, ಮೇಲೆ ತೊಳೆದು ಮಡಿ ಮಾಡಿದ ಬಿಳಿ ಬಟ್ಟೆ. ಬಂಡಿಗೆ ಗೊಂಡೆ, ಎತ್ತಿಗೆ ಗೆಜ್ಜೆ. ಎಲ್ಲವೂ ಮನೆಯದು, ಎಲ್ಲವೂ ಮರಳಿ ಮನೆಗೆ ಬರುತ್ತದೆ. ಸಿಂಗಾರಕ್ಕೆ ಅಲ್ಲಿ ಏನಾದರೂ ಕೊರತೆ ಎಂದು ಯಾರಿಗೂ ಅನಿಸಿದ್ದು ನಾನು ಕಂಡಿಲ್ಲ.

ನಮ್ಮ ಊರಿಗೆ ಬೇರೆಯದೇ ಒಂದು ತೊಡಕಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾಗಿ ನಾವು ನವನಗರದ ಸೆಕ್ಟರುಗಳಿಗೆ ಬಂದೆವು. ಹಳೆಯ ಊರಿನಲ್ಲಿ ಜಂತಿ ಮನೆ, ಮುಂದೆ ಉದ್ದನೆಯ ಕಟ್ಟೆ, ಒಳಗೆ ಪಡಸಾಲೆ. ಐವತ್ತು ಜನ ಬಂದರೂ ಕೂರಲು ಜಾಗ ಹುಡುಕಬೇಕಾಗಿರಲಿಲ್ಲ. ಇಲ್ಲಿ ಹತ್ತಡಿ ಅಗಲದ ಹಾಲ್. ಅದಕ್ಕೇ ಜನ ಮಂಗಲ ಕಾರ್ಯಾಲಯಕ್ಕೆ ಓಡುತ್ತಾರೆ, ಬಾಡಿಗೆಯಲ್ಲೇ ದುಡ್ಡು ಕರಗುತ್ತದೆ. ನಮ್ಮ ತಲೆಯ ಮೇಲೆ ಮಾಳಿಗೆ ಇದೆಯಲ್ಲ! ಸಂಜೆ ಐದರ ನಂತರ ಹಿನ್ನೀರಿನ ಕಡೆಯಿಂದ ಬರುವ ಗಾಳಿಗೆ ಯಾವ ಕಾರ್ಯಾಲಯದ ಕೂಲರೂ ಸಮವಲ್ಲ. ಹಾಲಿನಲ್ಲಿ ಸ್ವಾಗತ ಮತ್ತು ಫೋಟೊ, ಮಾಳಿಗೆಯ ಮೇಲೆ ಮಾತು ಮತ್ತು ಊಟ. ಹೀಗೆ ಹಂಚಿದರೆ ಚಿಕ್ಕ ಮನೆಯಲ್ಲೂ ನಲವತ್ತು ಜನ ಆರಾಮವಾಗಿ ಹಿಡಿಸುತ್ತಾರೆ.

ಈಗ ನಮ್ಮ ಅತ್ತೆಯವರ ಎಪ್ಪತ್ತೈದನೆಯ ಹುಟ್ಟುಹಬ್ಬದ ಸಂಗತಿ ಹೇಳುತ್ತೇನೆ. ಹೇಳಬೇಕಾದದ್ದೆಲ್ಲ ಅದರಲ್ಲೇ ಬರುತ್ತದೆ. ಕಾಗದಪತ್ರಗಳಲ್ಲಿ ಅವರ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡದ್ದು. ನಿಜವಾಗಿ ಹುಟ್ಟಿದ್ದು ಶೀಗಿ ಹುಣ್ಣಿಮೆಯ ಮರುದಿನ ಎಂದು ಅವರ ಅವ್ವ ಹೇಳುತ್ತಿದ್ದರಂತೆ. ಹಾಗಾಗಿ ಆ ದಿನವನ್ನೇ ಹಿಡಿದೆವು. ದಸರಾ ಮುಗಿದು ದೀಪಾವಳಿ ಬರುವ ನಡುವಿನ ಹೊತ್ತು. ಸೆಕೆ ತಗ್ಗಿರುತ್ತದೆ, ಚೆಂಡು ಹೂವಿನ ಕಾಲ, ಹಬ್ಬದ ನೂಕುನುಗ್ಗಲು ಇಲ್ಲದ್ದರಿಂದ ಹೂವಿನ ಬೆಲೆಯೂ ಇಳಿದಿರುತ್ತದೆ. ದಿನ ಆರಿಸುವುದೂ ಬಜೆಟ್ಟಿನ ಒಂದು ಭಾಗ. ನವರಾತ್ರಿಯ ಆಯುಧ ಪೂಜೆಯ ಹಿಂದಿನ ದಿನ ಪಾರ್ಟಿ ಇಟ್ಟುಕೊಂಡು ಹೂವು ದುಬಾರಿ ಎಂದು ಗೊಣಗಿದರೆ ಆಗುವುದಿಲ್ಲ.

ಸಿಂಗಾರಕ್ಕೆ ಏನು ಎಂದು ಯೋಚಿಸುತ್ತಿದ್ದಾಗ ಟ್ರಂಕಿನಲ್ಲಿ ಮಡಚಿಟ್ಟ ಖಣ ಕಣ್ಣಿಗೆ ಬಿತ್ತು. ಗುಳೇದಗುಡ್ಡದ ಖಣ, ರವಿಕೆಯ ಬಟ್ಟೆ. ಉಡಿ ತುಂಬುವಾಗ ನಮಗೆಲ್ಲ ಬರುತ್ತದೆ, ನಾವೂ ಕೊಡುತ್ತೇವೆ. ಅದನ್ನು ತ್ರಿಕೋನವಾಗಿ ಮಡಚಿ ಕೊಡುವುದು ನಮ್ಮ ರೂಢಿ. ಆ ತ್ರಿಕೋನವನ್ನು ಕೈಯಲ್ಲಿ ಹಿಡಿದು ತಲೆಕೆಳಗು ಮಾಡಿದೆ. ಪತಾಕೆ! ಇಷ್ಟು ವರ್ಷ ಬಣ್ಣದ ಕಾಗದ ಕತ್ತರಿಸಿ ಪರಪರಿ ಮಾಡಿದ ಕೈಗಳಿಗೆ ಇದು ಹೊಳೆದಿರಲಿಲ್ಲ. ಕತ್ತರಿ ಬೇಡ, ಗೋಂದು ಬೇಡ, ಹೊಲಿಗೆಯೂ ಬೇಡ.

ಮಾಡುವುದು ಹೀಗೆ, ನೋಡಿ. ಖಣವನ್ನು ಉದ್ದಕ್ಕೆ ಮಡಚಿ ಒಂದು ಗೇಣು ಅಗಲದ ಪಟ್ಟಿ ಮಾಡಿಕೊಳ್ಳಿ, ಬಣ್ಣದ ಅಂಚು ಹೊರಗೆ ಕಾಣುವಂತಿರಲಿ. ಪಟ್ಟಿಯ ಒಂದು ಮೂಲೆಯನ್ನು ಎದುರು ಅಂಚಿಗೆ ತಂದರೆ ತ್ರಿಕೋನ ಹುಟ್ಟುತ್ತದೆ. ಆ ತ್ರಿಕೋನವನ್ನೇ ಪಟ್ಟಿಯ ಮೇಲೆ ಉರುಳಿಸುತ್ತ ಉರುಳಿಸುತ್ತ ತುದಿಯವರೆಗೆ ಹೋಗಿ, ಉಳಿದ ಚೂರನ್ನು ಮಡಿಕೆಯ ಒಳಗೆ ಸಿಕ್ಕಿಸಿ. ಅಗಲದ ಬದಿ ಮೇಲೆ, ಚೂಪು ಕೆಳಗೆ. ಮೇಲಿನ ಮಡಿಕೆಯ ಒಳಗಿನಿಂದ ದಪ್ಪ ನೂಲು ಹಾಯಿಸಿ. ಸೂಜಿ, ಪಿನ್ನು ಯಾವುದೂ ಬಟ್ಟೆಯನ್ನು ಮುಟ್ಟಬಾರದು. ಪಿನ್ನು ಚುಚ್ಚಿದ ಖಣವನ್ನು ಮುಂದೆ ಯಾರ ಉಡಿಗೆ ಹಾಕುತ್ತೀರಿ?

ನೂಲಿನ ಮೇಲೆ ಖಣಗಳು ಜಾರಿ ಒಂದೆಡೆ ಗುಂಪಾಗುತ್ತವೆ. ತಡೆಯಲು ನಾನು ಮೊದಲು ನಡುನಡುವೆ ಚೆಂಡು ಹೂವು ಕಟ್ಟಿ ನೋಡಿದೆ. ಸಂಜೆಯ ಹೊತ್ತಿಗೆ ಎರಡು ಖಣಕ್ಕೆ ಹಳದಿ ಕಲೆ ಹತ್ತಿತು. ನೀರು ಚಿಮುಕಿಸಿದ ಹೂವು ಬಣ್ಣ ಬಿಡುತ್ತದೆ. ಬಿಚ್ಚಿ ಹಾಕಿ, ಉಣ್ಣೆಯ ಗೊಂಡೆ ಮಾಡಿದೆವು. ನಾಲ್ಕು ಬೆರಳಿಗೆ ಉಣ್ಣೆಯನ್ನು ಮೂವತ್ತು ಸುತ್ತು ಸುತ್ತಿ, ಮೇಲೆ ಬಿಗಿದು ಕಟ್ಟಿ, ಕೆಳಗೆ ಕತ್ತರಿಸಿದರೆ ಗೊಂಡೆ. ಎತ್ತಿನ ಕೊರಳಿಗೆ ಕಟ್ಟುವುದೂ ಇದನ್ನೇ. ಕೆಂಪು ಖಣ, ಹಳದಿ ಗೊಂಡೆ, ಹಸಿರು ಖಣ, ಹಳದಿ ಗೊಂಡೆ. ಗೊಂಡೆಯ ಬಣ್ಣ ಒಂದೇ ಇರಲಿ. ಖಣ ಹಲವು ಬಣ್ಣದ್ದಾದರೂ ಕಣ್ಣಿಗೆ ಒಂದು ಹಿಡಿತ ಸಿಗುತ್ತದೆ, ಜಾತ್ರೆಯ ಅಂಗಡಿಯಂತೆ ಕಾಣುವುದಿಲ್ಲ.

ಇಪ್ಪತ್ತೊಂದು ಖಣ ಕೊಂಡಿದ್ದೆ, ಒಂದಕ್ಕೆ 80 ರೂಪಾಯಿಯಂತೆ 1,680. ದುಬಾರಿಯಲ್ಲವೇ ಎಂದು ನನ್ನ ನೆಗೆಣ್ಣಿ ಕೇಳಿದಳು. ಆದರೆ ಹೊರಡುವಾಗ ಹೆಣ್ಣುಮಕ್ಕಳಿಗೆ ಉಡಿ ಕೊಡುವುದಿದ್ದೇ ಇತ್ತಲ್ಲ, ಆ ಖರ್ಚು ಹೇಗೂ ಆಗುತ್ತಿತ್ತು. ರಾತ್ರಿ ಊಟ ಮುಗಿದ ಮೇಲೆ ತೋರಣ ಇಳಿಸಿ, ಒಂದೊಂದೇ ಖಣವನ್ನು ನೂಲಿನಿಂದ ಜಾರಿಸಿ, ಅತ್ತೆಯವರ ಕೈಯಿಂದಲೇ ಕೊಡಿಸಿದೆ. ಮಡಿಕೆ ಹಾಗೆಯೇ ಇತ್ತು. ಯಾರಿಗೆ ಯಾವ ಬಣ್ಣ ಬೇಕೋ ಅವರೇ ತೋರಿಸಿದರು. ಸಂಜೆಯಿಂದ ತಲೆಯೆತ್ತಿ ನೋಡುತ್ತಲೇ ಮನಸ್ಸಿನಲ್ಲಿ ಆರಿಸಿಟ್ಟುಕೊಂಡಿದ್ದವರೂ ಇದ್ದರು. ಗುಳೇದಗುಡ್ಡದಲ್ಲಿ ಕೈಮಗ್ಗದ ಮೇಲೆ ಖಣ ನೇಯುವವರು ಕಡಿಮೆಯಾಗುತ್ತಿದ್ದಾರೆ. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಇಂಥ ಬಟ್ಟೆ ಹುಟ್ಟುತ್ತಿರುವಾಗ ಎಲ್ಲೋ ತಯಾರಾದ ಮಿನುಗು ಕಾಗದಕ್ಕೆ ನಮ್ಮ ದುಡ್ಡು ಹೋಗುವುದು ನನಗೆ ಸಹಿಸದು.

ಬಾಗಿಲಿಗೆ ಹಳೆಯ ಇಳಕಲ್ ಸೀರೆ. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಲ್ಲಿ (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳಲ್ಲಿ) ಮಾಡಿ, ಒಂದರ ಎಳೆಯ ಕುಣಿಕೆಗೆ ಇನ್ನೊಂದರ ಎಳೆ ಸಿಕ್ಕಿಸಿ ಕೂಡಿಸುತ್ತಾರೆ ಎಂದು ನಿಮಗೆಲ್ಲ ಗೊತ್ತು. ಬೇರೆ ಕಡೆಯ ಸೀರೆಗಳಲ್ಲಿ ಈ ಕೆಲಸ ಸಿಗದು. ಆ ಕೆಂಪು ಬಿಳಿ ಸೆರಗೇ ಬಾಗಿಲಿನ ಮುಂದೆ ಇಳಿಯುವಂತೆ ಹಗ್ಗದ ಮೇಲೆ ಮಡಚಿ ಹಾಕಿ; ಕ್ಲಿಪ್ಪು, ಮೊಳೆ ಬೇಡ. ಕಸೂತಿ ಇದ್ದ ಸೀರೆಯಾದರೆ ಇನ್ನೂ ಒಳ್ಳೆಯದು. ಗವಂತಿ, ಮುರಗಿ ಹೊಲಿಗೆಗಳಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ, ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಹಾಗಾಗಿ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಒಳಗೆ ಬರುವವರಿಗೆ ಕಂಡ ಕಸೂತಿಯ ಗೋಪುರವೇ ಹೊರಗೆ ಹೋಗುವವರಿಗೂ ಕಾಣುತ್ತದೆ. ನೇಯ್ಗಿ, ಮೆಂಥಿ ಹೊಲಿಗೆಯ ಸೀರೆಗೆ ಹಿಂಬದಿ ಬೇರೆ. ಅದನ್ನು ಗೋಡೆಗೆ ತಾಗಿಸಿ ಹಾಕಿ. ನೀವು ಕಸೂತಿ ಕಲಿಯುತ್ತಿರುವವರು, ಈ ಭೇದ ನಿಮಗೆ ಬೇಗ ಹಿಡಿಸುತ್ತದೆ.

ಫೋಟೊ ತೆಗೆಯಲು ಹಿಂದೆ ಏನಾದರೂ ಬೇಕು ಎಂದು ಮಕ್ಕಳು ಹಟ ಹಿಡಿದರು. ಈಗಿನ ಕಾಲಕ್ಕೆ ಅದು ಬೇಕೇ ಬೇಕು, ನಾನು ಅಡ್ಡ ಹೇಳಲಿಲ್ಲ. ಫ್ಲೆಕ್ಸ್ ಮಾತ್ರ ಬೇಡ ಎಂದೆ. ಅತ್ತೆಯವರು ನಡುವಯಸ್ಸಿನಲ್ಲಿ ಹೊಲಿದ ದೊಡ್ಡ ಕೌದಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಮನೆಯ ಹೆಂಗಸರ ಹಳೆಯ ಸೀರೆಗಳನ್ನು ನಾಲ್ಕೈದು ಪದರ ಇಟ್ಟು, ಮೇಲೆ ಚೌಕ ಚೌಕವಾಗಿ ತುಂಡು ಕೂರಿಸಿ, ಹೊರ ಅಂಚಿನಿಂದ ಒಳಗೆ ಸುತ್ತುತ್ತ ಕೈಹೊಲಿಗೆ ಹಾಕಿದ್ದು. ಎರಡು ದಿನ ಬಿಸಿಲಿಗೆ ಹಾಕಿ ಕೊಡವಿದೆವು. ಕೌದಿ ಭಾರ, ಮೊಳೆಗೆ ತೂಗಿದರೆ ಹರಿಯುತ್ತದೆ. ಕಿಟಕಿಯ ಪರದೆ ತೆಗೆದು ಅದೇ ಸರಳಿನ ಮೇಲೆ ಕೌದಿಯ ಮೇಲಂಚನ್ನು ಒಂದು ಮೊಳ ಹಿಂದಕ್ಕೆ ಇಳಿಬಿಟ್ಟು ಅಲ್ಲಲ್ಲಿ ನಾಲ್ಕು ಹೊಲಿಗೆ ಹಾಕಿದೆ. ಗೋಡೆ ತುಂಬಿತು. ಮುಂದೆ ಒಂದು ಹಳೆಯ ಕಟ್ಟಿಗೆಯ ಕುರ್ಚಿ, ಪಕ್ಕದಲ್ಲಿ ಹಿತ್ತಾಳೆ ಕೊಡದಲ್ಲಿ ತೆನೆ ಬಿಟ್ಟ ಸಜ್ಜೆಯ ದಂಟು ಹತ್ತು. ಇಷ್ಟೇ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಜನ ಬರತೊಡಗಿದರು. ಅತ್ತೆಯವರ ನಾದಿನಿ, ಎಪ್ಪತ್ತು ದಾಟಿದವರು, ಫೋಟೊಗೆಂದು ನಿಲ್ಲಲು ಹೋದವರು ಹಾಗೆಯೇ ಗೋಡೆಯ ಕಡೆ ತಿರುಗಿಬಿಟ್ಟರು. ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಒಂದು ಹಸಿರು ಚೌಕ, ಬಣ್ಣ ಮಾಸಿ ಬೂದಿಗೆ ತಿರುಗಿದ್ದು. ಅದರ ಮೇಲೆ ಬೆರಳಿಟ್ಟು ಹೇಳಿದರು: “ವೈನಿ, ಇದು ನನ್ನ ಕುಬುಸದ ಸೀರೆ.” ಕುಬುಸ ಎಂದರೆ ಬಸುರಿಗೆ ಮಾಡುವ ಸೀಮಂತ. ಅತ್ತೆಯವರು ಕೂತಲ್ಲಿಂದಲೇ ಹೇಳಿದರು: “ಹೌದು. ಬಾಣಂತನ ಮುಗಿಸಿ ಹೋಗುವಾಗ ನೀನೇ ಬಿಟ್ಟು ಹೋಗಿದ್ದೆ. ಕೂಸು ಅದರ ಮೇಲೆ ಹಾಲು ಕಕ್ಕಿತ್ತು, ಒಯ್ಯುವುದಿಲ್ಲ ಎಂದಿದ್ದೆ.” ಆ ಬಾಣಂತನ ನಡೆದ ಮನೆ ಈಗ ನೀರಿನ ಕೆಳಗಿದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಗೋಡೆಯ ಹತ್ತಿರ ಬಂದರು. ಇದು ಯಾರದು, ಅದು ಯಾವ ಲಗ್ನದ್ದು, ಈ ಚುಕ್ಕಿ ಇರುವುದು ದೊಡ್ಡವ್ವನದಲ್ಲವೇ. ಅರ್ಧ ತಾಸು ಫೋಟೊ ತೆಗೆಯಲು ಯಾರೂ ಜಾಗ ಬಿಡಲಿಲ್ಲ. ನನ್ನ ಮಗಳು ಮೊಬೈಲು ಹಿಡಿದು ಕಾದು ಕಾದು, ಕೊನೆಗೆ ಅವರ ಬೆನ್ನುಗಳ ಫೋಟೊವನ್ನೇ ತೆಗೆದಳು. ಆ ಸಂಜೆಯ ಎಲ್ಲ ಚಿತ್ರಗಳಲ್ಲಿ ನಾವು ಚೌಕಟ್ಟು ಹಾಕಿಸಿದ್ದು ಅದನ್ನೊಂದನ್ನೇ.

ದೀಪದ ವಿಷಯ ಬೇಗ ಹೇಳಿಬಿಡುತ್ತೇನೆ. ಬಿಳಿ ಟ್ಯೂಬ್‌ಲೈಟು ಬಂದ್ ಮಾಡಿ. ಅದರ ಕೆಳಗೆ ಎಷ್ಟೇ ಸಿಂಗರಿಸಿದರೂ ಮನೆ ದವಾಖಾನೆಯಂತೆ ಕಾಣುತ್ತದೆ. ಎಲ್ಇಡಿ ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದದ್ದನ್ನು ತೆಗೆದುಕೊಳ್ಳಿ, ಅದು ಹಳದಿ ಬೆಳಕು. 6500 ಎಂದಿದ್ದರೆ ಬಿಳಿ ಬೆಳಕು. ಹಳದಿ ಬೆಳಕಿನ ಬಲ್ಬು ಮುಂದೆ ವರ್ಷಗಟ್ಟಲೆ ಮನೆಗೇ ಆಗುತ್ತದೆ. ಮಾಳಿಗೆಯ ಗಾಳಿಗೆ ಹಣತೆ ನಿಲ್ಲುವುದಿಲ್ಲ, ಉಪ್ಪಿನಕಾಯಿಯ ಗಾಜಿನ ಭರಣಿಯ ತಳದಲ್ಲಿ ಎರಡು ಬೆರಳು ಮರಳು ಹಾಕಿ ಅದರ ಮೇಲೆ ಇಡಿ. ಅಗಲವಾದ ಹಿತ್ತಾಳೆ ಬೋಗುಣಿಯಲ್ಲಿ ನೀರು ತುಂಬಿ, ಸೇವಂತಿಗೆ ಹೂ ತೇಲಿಬಿಟ್ಟು, ನಡುವೆ ತೇಲುವ ದೀಪ ಒಂದೋ ಎರಡೋ. ಸೀರೆ ತೂಗಿದ ಕಡೆ, ಖಣ ಕಟ್ಟಿದ ಕಡೆ ಎಣ್ಣೆ ದೀಪ ಬೇಡವೇ ಬೇಡ. ಈ ಮಾತಿನಲ್ಲಿ ನಾನು ಗಟ್ಟಿ.

ಕೂರಲು ಜಮಖಾನ, ಗಾದಿ, ಲೋಡು. ನೆಲದ ಮೇಲೆ ಕೂತರೆ ಕುರ್ಚಿಯ ಬಾಡಿಗೆ ಉಳಿಯುತ್ತದೆ, ಮಾತೂ ಹತ್ತಿರವಾಗುತ್ತದೆ. ಆದರೆ ಮೊಣಕಾಲು ನೋವಿನ ಹಿರಿಯರನ್ನು ಮರೆಯಬಾರದು. ಅವರಿಗೆ ಮಾಳಿಗೆ ಹತ್ತುವುದೂ ಕಷ್ಟ. ನಾವು ಅತ್ತೆಯವರನ್ನೂ ಇನ್ನೂ ನಾಲ್ವರನ್ನೂ ಹಾಲಿನಲ್ಲೇ ಕೂರಿಸಿ, ಹೊತ್ತಿಗೊಬ್ಬರಂತೆ ಕೆಳಗಿಳಿದು ಅವರ ಜೊತೆ ಕೂತು ಉಂಡೆವು. ಅವರನ್ನು ಒಂಟಿಯಾಗಿ ಬಿಟ್ಟು ಮೇಲೆ ನಗುವುದಾದರೆ ಆ ಹುಟ್ಟುಹಬ್ಬ ಯಾರದು?

ಆಮಂತ್ರಣಕ್ಕೆ ಮನೆಯಲ್ಲಿ ರಾಶಿ ಬಿದ್ದಿರುವ ಲಗ್ನಪತ್ರಿಕೆಗಳನ್ನು ನೋಡಿ. ದಪ್ಪ ಕಾಗದ, ಹಿಂಬದಿ ಖಾಲಿ. ಅಂಗೈಯಗಲ ಕತ್ತರಿಸಿ, ಅಂಚಿಗೆ ಸೂಜಿಯಿಂದ ತೂತು ಮಾಡಿ, ಕೆಂಪು ದಾರದಲ್ಲಿ ಮುರಗಿಯ ಮೆಟ್ಟಿಲು ಒಂದು ಸಾಲು. ಕೈಬರಹದಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು. ನಲವತ್ತು ಜನಕ್ಕೂ ಮಾಡಬೇಡಿ. ಊರಿನಲ್ಲೇ ಇರುವ ಹತ್ತು ಹಿರಿಯರ ಮನೆಗೆ ಹೋಗಿ ಕುಂಕುಮ ಹಚ್ಚಿ ಕೈಗೆ ಕೊಡಿ. ಉಳಿದವರಿಗೆ ಅದರದೇ ಒಂದು ಫೋಟೊ ತೆಗೆದು ಮೊಬೈಲಿಗೆ ಕಳಿಸಿ.

ಈಗ ಊಟ. ಇಲ್ಲಿ ನನ್ನ ಅಭಿಪ್ರಾಯ ಬಹಳ ಸ್ಪಷ್ಟ: ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಊಟದಲ್ಲಿ ಹಿಡಿಯಬೇಡಿ. ನಮ್ಮ ಕಡೆಯ ಜನ ಸಿಂಗಾರ ಸರಳವಾಗಿದ್ದರೆ ಏನೂ ಅನ್ನುವುದಿಲ್ಲ, ಬಡಿಸುವ ಕೈ ಹಿಂಜರಿದರೆ ತಿಳಿಯುತ್ತದೆ. ನಮ್ಮ ಒಟ್ಟು ಖರ್ಚು 8,500 ರೂಪಾಯಿ. ಅದರಲ್ಲಿ 5,700 ಊಟಕ್ಕೇ ಹೋಯಿತು. ಉಳಿದ 2,800ರಲ್ಲಿ ಖಣದ 1,680 ಕಳೆದರೆ ಹೂವು 350, ಹಣತೆ ಮತ್ತು ಮಣ್ಣಿನ ಹರವಿ (ನೀರಿನ ಮಡಕೆ) 400, ಎಲ್ಇಡಿ ಮಾಲೆ 240, ಉಣ್ಣೆ, ನೂಲು, ಕಾಗದ 130. ಅಷ್ಟೇ ಲೆಕ್ಕ.

ಖರ್ಚು ಕಡಿಮೆಯಾಗಲು ಪದಾರ್ಥಗಳ ಸಂಖ್ಯೆ ಕಡಿಮೆ ಇರಲಿ, ಪ್ರಮಾಣ ಧಾರಾಳ ಇರಲಿ. ಬಂದ ತಕ್ಷಣ ಕೈಗೆ ಕೊಡಲು ಕಡಕ್ ಜೋಳದ ರೊಟ್ಟಿ. ಒಂದನ್ನು ಎಂಟು ತುಂಡಾಗಿ ಮುರಿದು ಬಿದಿರಿನ ಮೊರದಲ್ಲಿ ಹರವಿ, ನಡುವೆ ಮೂರು ಬಟ್ಟಲು: ಗಟ್ಟಿ ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿ ಚಟ್ನಿ. ಸುತ್ತ ಗಜ್ಜರಿ, ಸೌತೆಕಾಯಿ, ಎಳೆಯ ಮೂಲಂಗಿ, ಹಸಿ ಮೆಂತ್ಯ ಸೊಪ್ಪು, ಹಕ್ಕರಿಕೆ ಸೊಪ್ಪು. ಬೆಂಗಳೂರಿನಿಂದ ಬಂದಿದ್ದ ನನ್ನ ಮಗಳ ಗೆಳತಿಯರು ದೊಡ್ಡ ಹೋಟೆಲುಗಳಲ್ಲಿ ಇಡುವ ಹಾಗಿದೆ ಎಂದರು. ನಾವು ದಿನಾ ಉಣ್ಣುವುದನ್ನೇ ಬೇರೆ ರೀತಿ ಜೋಡಿಸಿದ್ದು. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ನಮ್ಮಲ್ಲಿ ಓಣಿಗೊಬ್ಬರಿದ್ದಾರೆ, ಅವರಿಂದ ಕೊಳ್ಳಿ. ಕೈಕೆಲಸ ಎಂದರೆ ಎಲ್ಲವೂ ನಮ್ಮ ಕೈಯದೇ ಆಗಬೇಕಿಲ್ಲ, ಯಾರದಾದರೂ ಕೈಯದಾಗಿದ್ದರೆ ಸಾಕು.

ಆಮೇಲೆ ಚುರುಮುರಿ ಒಗ್ಗರಣೆ, ಬಿಸಿ ಮಿರ್ಚಿ ಭಜಿ. ಚುರುಮುರಿಯನ್ನು ಕಲಸುವುದು ಬಡಿಸುವ ಹತ್ತು ನಿಮಿಷ ಮೊದಲು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ, ಮೆತ್ತನೆಯ ರೊಟ್ಟಿ, ಮೊಸರನ್ನ. ಸಿಹಿಗೆ ಶೇಂಗಾ ಹೋಳಿಗೆ. ಈ ಸಲ ಚಿಗವ್ವನ ತಟ್ಟೆಗೆ ನಾನೇ ಎರಡು ಹಾಕಿದೆ. ಶೇಂಗಾ ಹೋಳಿಗೆ ನಾಲ್ಕು ದಿನ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ಪಾರ್ಟಿಯ ದಿನ ಒಲೆಯ ಮುಂದೆ ಬೇಯುವ ಕಷ್ಟ ತಪ್ಪುತ್ತದೆ. ಕೇಕಿನ ಬದಲು ಅಮೀನಗಡದ ಕರದಂಟು ಒಂದು ಕಿಲೊ ತಂದು, ಹಲಗೆಯ ಮೇಲೆ ದುಂಡಗೆ ಜೋಡಿಸಿ, ನಡುವೆ ಹಣತೆ ಇಟ್ಟೆವು. ತುಪ್ಪದಲ್ಲಿ ಕರಿದ ತಿನ್ನುವ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ. ಬಾಣಂತಿಯರಿಗೆ ಕೊಡುವ ತಿನಿಸು. ಎಪ್ಪತ್ತೈದು ತುಂಬಿದವರಿಗೆ ಕ್ರೀಮಿಗಿಂತ ಇದು ಮೇಲಲ್ಲವೇ. ಅತ್ತೆಯವರು ದೀಪ ಊದಿ ಆರಿಸಲು ಒಪ್ಪಲಿಲ್ಲ, ಹಚ್ಚಿದರು.

ಕುಡಿಯಲು ಲಿಂಬೆ ಪಾನಕ. ಇಂಡಿ ಊರಿನ ಲಿಂಬೆ, ಮಹಾಲಿಂಗಪುರದ ಬೆಲ್ಲ. ಎರಡೂ ನಮ್ಮ ಅಂಗಳದಲ್ಲೇ ಇದ್ದಂತೆ. ಬೆಲ್ಲವನ್ನು ಮಧ್ಯಾಹ್ನವೇ ನೀರಿನಲ್ಲಿ ನೆನೆಸಿ ಸೋಸಿಡಿ, ಏಲಕ್ಕಿ ಮತ್ತು ಚೂರು ಶುಂಠಿ ಹಾಕಿ. ಲಿಂಬೆಯನ್ನು ಮಾತ್ರ ಕೊಡುವ ಹೊತ್ತಿಗೆ ಹಿಂಡಬೇಕು. ಮೊದಲೇ ಹಿಂಡಿದರೆ ಕಹಿ ಬರುತ್ತದೆ. ಪಾನಕ ತುಂಬುವ ಹೊಸ ಹರವಿಯನ್ನು ಹಿಂದಿನ ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ, ಮಣ್ಣಿನ ವಾಸನೆ ಇಳಿಯುತ್ತದೆ. ಹೊರಮೈಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ಕಡೆ ಇಟ್ಟರೆ, ಸೋರಿದ ನೀರು ಆರುತ್ತ ಆರುತ್ತ ಒಳಗಿನದನ್ನು ತಂಪು ಮಾಡುತ್ತದೆ. ಐಸು ತರಲು ಯಾರನ್ನೂ ಓಡಿಸಬೇಕಾಗಿಲ್ಲ.

ಹಾಡು, ಆಟಕ್ಕೆ ಹೆಚ್ಚು ಯೋಚಿಸಬೇಡಿ. ಹೋಳಿ ಹುಣ್ಣಿಮೆಗೆ ಇಡೀ ಊರು ಹಲಗೆ ವಾದ್ಯ ಬಾರಿಸುವ ಬಾಗಲಕೋಟೆಯವರಿಗೆ ಯಾರೂ ಬಂದು ನಗಿಸಬೇಕಾಗಿಲ್ಲ. ನಾವು ಒಡಪು, ಅಂದರೆ ಪ್ರಾಸದ ಪುಟ್ಟ ಪದ್ಯ, ಹೇಳಿಸಿದೆವು. ಹಿರಿಯರು ಗಂಡನ ಹೆಸರನ್ನು ಒಡಪಿನಲ್ಲಿ ಹೊಂದಿಸಿ ಹೇಳಿದಂತೆಲ್ಲ, ಹೊಸದಾಗಿ ಲಗ್ನವಾದ ಹುಡುಗಿಯರು ಅಲ್ಲೇ ಕೂತು ಕಾಗದದ ಮೇಲೆ ಗೀಚಿ ತಮ್ಮದೊಂದು ಕಟ್ಟತೊಡಗಿದರು. ಬಂದಿದ್ದ ಅಳಿಯಂದಿರಿಗೂ ಹೆಂಡತಿಯ ಹೆಸರು ಹೇಳುವ ಸರದಿ ಬಂತು.

ಇನ್ನು ಒಂದು ಎಚ್ಚರಿಕೆ. ಕೈಕೆಲಸಕ್ಕೆ ದುಡ್ಡು ಬೇಡ, ಹೊತ್ತು ಬೇಕು. ಆ ಹೊತ್ತೆಲ್ಲ ಮನೆಯ ಒಬ್ಬಳೇ ಹೆಂಗಸಿನ ತಲೆಯ ಮೇಲೆ ಬಂದರೆ ಅದನ್ನು ಉಳಿತಾಯ ಎನ್ನಲು ನಾನು ಒಪ್ಪುವುದಿಲ್ಲ. ಅತಿಥಿಗಳು ಬರುವಾಗ ಬೆವರು ಒರೆಸಿಕೊಳ್ಳುತ್ತ, ಹರಿದ ನಗು ಹೊತ್ತು ಬಾಗಿಲಿಗೆ ಬರುವ ಗೃಹಿಣಿಯರನ್ನು ನಾನು ಬಹಳ ನೋಡಿದ್ದೇನೆ, ನಾನೂ ಹಾಗೆ ನಿಂತಿದ್ದೇನೆ. ಎರಡೇ ಎರಡು ಕೈಕೆಲಸ ಆರಿಸಿಕೊಳ್ಳಿ. ನಾವು ತೋರಣ ಮತ್ತು ಪತ್ರಿಕೆ ಆರಿಸಿಕೊಂಡೆವು. ಹಿಂದಿನ ರವಿವಾರ ನೆಗೆಣ್ಣಿ, ಪಕ್ಕದ ಮನೆಯ ವೈನಿ, ಮಕ್ಕಳು, ನನ್ನ ಗಂಡ, ಏಳು ಜನ ಕೂತು ಗೊಂಡೆ ಸುತ್ತಿದೆವು. ಚಹಾ ಎರಡು ಸಲ ಆಯಿತು. ಪಾರ್ಟಿ ಅಂದೇ ಶುರುವಾಯಿತು ಎಂದು ನನ್ನ ಮಗ ಈಗಲೂ ಹೇಳುತ್ತಾನೆ. ಪಾರ್ಟಿಯ ದಿನ ನಾಲ್ಕು ಗಂಟೆಗೆ ಕೆಲಸ ನಿಲ್ಲಿಸಿ, ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಕೂತುಬಿಡಿ. ಆಗ ಉಳಿದದ್ದು ಉಳಿಯಲಿ.

ತಟ್ಟೆ ಲೋಟ ಬಾಡಿಗೆಗೆ ತರಲಿಲ್ಲ, ಅಕ್ಕಪಕ್ಕದ ಮೂರು ಮನೆಗಳಿಂದ ಸ್ಟೀಲಿನವೇ ಬಂದವು. ಹೆಸರು ಕೊರೆಸದ ಪಾತ್ರೆ ನಮ್ಮ ಕಡೆ ಅಪರೂಪ, ಹಾಗಾಗಿ ಬೆರಕೆಯಾಗುವ ಭಯವಿಲ್ಲ. ಮರುದಿನ ಬೆಳಿಗ್ಗೆ ತೊಳೆದು, ಹೆಸರು ಓದಿ ಬೇರ್ಪಡಿಸಿ ಕೊಟ್ಟುಬಂದೆ. ಖಾಲಿ ಪಾತ್ರೆ ಮರಳಿಸುವ ಪದ್ಧತಿ ಇಲ್ಲವಲ್ಲ. ಒಂದರಲ್ಲಿ ಎರಡು ಹೋಳಿಗೆ, ಒಂದರಲ್ಲಿ ಕರದಂಟಿನ ಚೂರು, ಕೊನೆಯದರಲ್ಲಿ ನಾಲ್ಕು ಲಿಂಬೆಹಣ್ಣು. ಬಾಡಿದ ಹೂವು ತುಳಸಿಯ ಬುಡಕ್ಕೆ ಹೋಯಿತು, ಸಜ್ಜೆಯ ತೆನೆ ಗುಬ್ಬಿಗಳಿಗೆಂದು ಮಾಳಿಗೆಯ ಮೂಲೆಗೆ. ಗೊಂಡೆ ಪೋಣಿಸಿದ ನೂಲು ಮಾತ್ರ ಉಳಿದಿತ್ತು. ಅದನ್ನು ಪಕ್ಕದ ಮನೆಯ ವೈನಿ ಮಗಳ ಕುಬುಸಕ್ಕೆಂದು ಒಯ್ದರು. ಅವರಿಂದ ಅವರ ತಂಗಿಯ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿ, ಈಗ ಮತ್ತೆ ವೈನಿಯ ಮನೆಯಲ್ಲಿದೆ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ತರಗತಿ ಮುಗಿದ ಮೇಲೆ ನನ್ನ ಜೊತೆ ಬನ್ನಿ, ಕೊಡಿಸುತ್ತೇನೆ. ಖಣ ನೀವು ತನ್ನಿ.